ಒಣ ರಾಜಧಾನಿ ವೆಸ್ಟರ್‌ವಿಲ್

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ಆ ಮಹಾನಗರದಿಂದ ಈಶಾನ್ಯಕ್ಕೆ ಸುಮಾರು 20 ಕಿಲೊಮೀಟರು ಸಾಗಿದರೆ ವೆಸ್ಟರ್‌ವಿಲ್ ಎಂಬ ಊರು ಎದುರಾಗುತ್ತದೆ. ಸ್ಟೇಟ್ ಸ್ಟ್ರೀಟ್ ಅಲ್ಲಿಯ ಹಿರಿಯ ಬೀದಿ. ಅದರ ಇಕ್ಕೆಲಗಳಲ್ಲಿ ಇಟ್ಟಿಗೆಯ ಹಳೆಯ ಕಟ್ಟಡಗಳು, ಪುಟ್ಟ ಅಂಗಡಿಗಳು, ಉಪಾಹಾರಗೃಹಗಳು ಸಾಲುಗೊಂಡಿವೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಆಟರ್‌ಬೈನ್ ವಿದ್ಯಾಲಯದ ಗೋಪುರಗಳು ಕಾಣುತ್ತವೆ. ಅದಕ್ಕೂ ಆಚೆ ಆಲಮ್ ಕ್ರೀಕ್ ಎಂಬ ಹೊಳೆ ಹರಿಯುತ್ತದೆ. ಹೊರನೋಟಕ್ಕೆ ಇದು ನೆಮ್ಮದಿಯ ಊರು. ಇಲ್ಲಿ ಎಂದಾದರೂ ಜಗಳವಾಗಿರಬಹುದೆಂದು ಹೊಸದಾಗಿ ಬಂದವನಿಗೆ ತೋಚುವಂತೆಯೇ ಇಲ್ಲ.

ಆದರೆ ಊರಿನಲ್ಲಿ ಮದ್ಯ ಮಾರಬಹುದೇ ಮಾರಬಾರದೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಈ ಊರಿನವರು ಸುಮಾರು ಒಂದೂವರೆ ಶತಮಾನ ವಾದಿಸಿದ್ದಾರೆ. ಆ ವಾದದಲ್ಲಿ ಮೊದಲು ಪ್ರಾರ್ಥನೆ ಬಂದಿತು, ಬಳಿಕ ಸಿಡಿಮದ್ದು, ಅದರ ಬಳಿಕ ಮುದ್ರಣಯಂತ್ರ, ಕಟ್ಟಕಡೆಗೆ ಮತಪೆಟ್ಟಿಗೆ. ಮದ್ಯ ಮಾರುವ ಊರನ್ನು ಅಮೆರಿಕದ ಆಡುಮಾತಿನಲ್ಲಿ ‘ಹಸಿ’ ಊರೆಂದೂ ಮಾರದ ಊರನ್ನು ‘ಒಣ’ ಊರೆಂದೂ ಕರೆಯುವುದುಂಟು. ವೆಸ್ಟರ್‌ವಿಲ್‌ಗೆ ಒಂದು ಕಾಲಕ್ಕೆ ಇದ್ದ ಬಿರುದು ‘ಜಗತ್ತಿನ ಒಣ ರಾಜಧಾನಿ’ ಎಂದು.

ಸಿಡಿಮದ್ದಿನ ತೀರ್ಪು

ಊರಿಗೆ ಹೆಸರು ಬಂದದ್ದು ಡಚ್ ಮೂಲದ ವೆಸ್ಟರ್‌ವೆಲ್ಟ್ ಮನೆತನದಿಂದ. ಯುನೈಟೆಡ್ ಬ್ರದರನ್ ಎಂಬ ಕ್ರೈಸ್ತ ಪಂಥದವರು 1847ರಲ್ಲಿ ಇಲ್ಲಿ ಆಟರ್‌ಬೈನ್ ವಿದ್ಯಾಲಯವನ್ನು ಸ್ಥಾಪಿಸಿದರು. ಸ್ತ್ರೀಯರಿಗೆ ಉಚ್ಚ ಶಿಕ್ಷಣದ ಬಾಗಿಲನ್ನು ಬೇಗನೆ ತೆರೆದ ಸಂಸ್ಥೆಗಳಲ್ಲಿ ಅದೂ ಒಂದು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಬಚ್ಚಿಟ್ಟು ಮುಂದಕ್ಕೆ ಸಾಗಿಸುತ್ತಿದ್ದ ಮನೆಗಳೂ ಈ ಊರಿನಲ್ಲಿದ್ದವು. ಗೀತಕಾರ ಬೆಂಜಮಿನ್ ಹ್ಯಾನ್ಬಿಯ ಮನೆ ಅಂಥವುಗಳಲ್ಲಿ ಒಂದು. ಧರ್ಮಬುದ್ಧಿಯೂ ಹಟವೂ ಸಮಪಾಲಾಗಿ ಬೆರೆತ ಜನ ಅವರು. 1859ರಲ್ಲಿಯೇ ಅವರು ಊರಿನಲ್ಲಿ ಮದ್ಯದ ಮಾರಾಟ ಕೂಡದೆಂದು ನಿಯಮ ಮಾಡಿಕೊಂಡರು.

ಆ ನಿಯಮದ ನಿಜವಾದ ಪರೀಕ್ಷೆ ನಡೆದದ್ದು 1875ರಲ್ಲಿ. ಹೆನ್ರಿ ಕಾರ್ಬಿನ್ ಎಂಬ ವರ್ತಕ ಆ ವರ್ಷ ಊರಿನೊಳಗೆ ಒಂದು ಮದ್ಯದಂಗಡಿ ತೆರೆದ. ತನ್ನ ಹಣ, ತನ್ನ ಕಟ್ಟಡ, ತನ್ನ ವ್ಯಾಪಾರ; ಇದರಲ್ಲಿ ಪರರಿಗೇನು ಎಂಬುದು ಅಂಥ ವರ್ತಕನ ಸಹಜವಾದ ನಿಲುವು. ಊರಿನವರಿಗೆ ಅದು ಹಾಗೆ ಕಾಣಲಿಲ್ಲ. ಸಾರಾಯಿ ಅಂಗಡಿಯ ಲಾಭ ಒಬ್ಬನದಾದರೂ ಅದರ ನಷ್ಟ ನೆರೆಹೊರೆಯ ಮನೆಗಳ ಒಲೆಯ ಮೇಲೆ ಬೀಳುತ್ತದೆ ಎಂಬುದು ಅವರ ನಂಬಿಕೆ. ಪ್ರಾರ್ಥನಾಸಭೆಗಳು ನಡೆದವು, ಜನ ಗುಂಪುಗೂಡಿ ಅಂಗಡಿಯ ಮುಂದೆ ನಿಂತು ಕೀರ್ತನೆ ಹಾಡಿದರು, ಬಾಗಿಲು ಮುಚ್ಚೆಂದು ಬೇಡಿಕೊಂಡರು. ಕಾರ್ಬಿನ್ ಮಣಿಯಲಿಲ್ಲ. ಕೊನೆಗೆ ಒಂದು ದಿನ ಆ ಕಟ್ಟಡ ಸಿಡಿಮದ್ದಿನ ಏಟಿಗೆ ಒಡೆದುಹೋಯಿತು. ಛಲ ಬಿಡದ ಆತ 1879ರಲ್ಲಿ ಮತ್ತೊಂದು ಅಂಗಡಿ ತೆರೆದ. ಅದಕ್ಕೂ ಅದೇ ಗತಿಯಾಯಿತು. ‘ವೆಸ್ಟರ್‌ವಿಲ್ಲಿನ ವಿಸ್ಕಿ ಯುದ್ಧ’ಗಳೆಂದು ಇವು ದೇಶದಲ್ಲೆಲ್ಲ ಪ್ರಸಿದ್ಧವಾದವು.

ಈ ಕಥೆಯನ್ನು ಕೇಳಿ ನಗುವುದು ಸುಲಭ. ಆದರೆ ಆ ದಿನಗಳ ಒಂದು ಸಂಗತಿಯನ್ನು ಮರೆಯುವಂತಿಲ್ಲ. 1873ರ ಕೊನೆಯಲ್ಲಿ ಇದೇ ಒಹಾಯೊದ ಹಿಲ್ಸ್‌ಬರೊ ಪಟ್ಟಣದ ಹೆಂಗಸರು ಮದ್ಯದಂಗಡಿಗಳ ಮುಂದೆ ಹಿಮದಲ್ಲಿ ಮೊಣಕಾಲೂರಿ ಪ್ರಾರ್ಥಿಸಲು ತೊಡಗಿದ್ದರು. ಅದು ಊರಿಂದ ಊರಿಗೆ ಹಬ್ಬಿ, ಮರುವರ್ಷವೇ ಕ್ಲೀವ್‌ಲೆಂಡಿನಲ್ಲಿ ಸ್ತ್ರೀಯರ ಪಾನವಿರೋಧಿ ಸಂಘದ ಸ್ಥಾಪನೆಗೆ ಕಾರಣವಾಯಿತು. ಗಂಡನ ವಾರದ ಕೂಲಿ ಮನೆಗೆ ಬರುವ ದಾರಿಯಲ್ಲಿಯೇ ಕರಗಿಹೋದರೆ ಅದರ ಫಲವನ್ನು ಉಣ್ಣಬೇಕಾದವಳು ಹೆಂಡತಿ. ಅವಳಿಗೋ ಶಾಸನ ಮಾಡುವವರನ್ನು ಆರಿಸುವ ಮತಾಧಿಕಾರವಿರಲಿಲ್ಲ. ಬೀದಿಯಲ್ಲಿ ಮಾಡಿದ ಪ್ರಾರ್ಥನೆಯೇ ಅವಳ ಮತ. ಮಾತಿನಿಂದ ತೀರಬೇಕಾದ ವಿವಾದದಲ್ಲಿ ಹೆಚ್ಚು ನೊಂದವರಿಗೇ ಮಾತಿಲ್ಲದಿದ್ದಾಗ, ಸಿಡಿಮದ್ದು ತಾನಾಗಿ ಮಾತನಾಡತೊಡಗುತ್ತದೆ. ಇದು ಸಮರ್ಥನೆಯಲ್ಲ, ಕಾರಣದ ವಿವರಣೆ ಮಾತ್ರ.

ಕಾಗದದ ಸೈನ್ಯ

ಇಂಥ ಊರಿನ ಕೀರ್ತಿಯನ್ನು ಕೇಳಿ 1909ರಲ್ಲಿ ಒಂದು ದೊಡ್ಡ ಸಂಸ್ಥೆ ತನ್ನ ಕೇಂದ್ರವನ್ನು ಅಲ್ಲಿಗೆ ತಂದಿತು. ಅದೇ ಆ್ಯಂಟಿ-ಸಲೂನ್ ಲೀಗ್. 1893ರಲ್ಲಿ ಒಹಾಯೊದ ಓಬರ್ಲಿನ್‌ನಲ್ಲಿ ಹೊವರ್ಡ್ ಹೈಡ್ ರಸೆಲ್ ಅದನ್ನು ಆರಂಭಿಸಿದ್ದರು. ವೆಸ್ಟರ್‌ವಿಲ್‌ನ ಜನಸಂಖ್ಯೆ ಆಗ ಸುಮಾರು ಎರಡು ಸಾವಿರ. ಅಷ್ಟು ಚಿಕ್ಕ ಊರಿನಲ್ಲಿ ಲೀಗಿನ ಮುದ್ರಣಾಲಯ ಹಗಲಿರುಳು ದುಡಿಯತೊಡಗಿತು. ಪತ್ರಿಕೆ, ಕರಪತ್ರ, ಭಿತ್ತಿಪತ್ರಗಳು ತಿಂಗಳಿಗೆ 40 ಟನ್ನಿಗೂ ಮಿಗಿಲಾಗಿ ಅಂಚೆಯ ಮೂಲಕ ಹೊರಬೀಳುತ್ತಿದ್ದುವು. ಅದರಿಂದಾಗಿ ಪ್ರಥಮ ದರ್ಜೆಯ ಅಂಚೆಕಚೇರಿಯನ್ನು ಪಡೆದ ದೇಶದ ಅತ್ಯಂತ ಚಿಕ್ಕ ಊರೆಂಬ ಹೆಗ್ಗಳಿಕೆ ವೆಸ್ಟರ್‌ವಿಲ್‌ಗೆ ಬಂದಿತು.

ಲೀಗಿನ ಪ್ರಕಟನೆಗಳ ಸಂಪಾದಕರಲ್ಲಿ ವಿಲಿಯಂ ಯುಜೀನ್ ಜಾನ್ಸನ್ ಎಂಬ ವಿಲಕ್ಷಣ ವ್ಯಕ್ತಿಯೊಬ್ಬನಿದ್ದ. ಕಳ್ಳಬಟ್ಟಿಯವರನ್ನು ಬೆಕ್ಕಿನ ಹೆಜ್ಜೆಯಲ್ಲಿ ಬೆನ್ನಟ್ಟಿ ಹಿಡಿಯುತ್ತಿದ್ದನಾದ್ದರಿಂದ ಅವನಿಗೆ ‘ಪುಸ್ಸಿಫುಟ್’ ಎಂಬ ಅಡ್ಡಹೆಸರು. 1919ರಲ್ಲಿ ಲಂಡನ್ನಿನಲ್ಲಿ ಭಾಷಣ ಮಾಡಲು ಹೋದಾಗ ಗಲಭೆಕೋರ ವಿದ್ಯಾರ್ಥಿಗಳ ಗುಂಪಿನ ಏಟಿನಿಂದ ಆತ ಒಂದು ಕಣ್ಣನ್ನು ಕಳೆದುಕೊಂಡ. 1921ರಲ್ಲಿ ಅವನು ಭಾರತಕ್ಕೂ ಬಂದಿದ್ದ. ಅಸಹಕಾರ ಚಳವಳಿಯ ಕಾಲವದು. ನಮ್ಮಲ್ಲಿ ಹೆಂಡ ಸಾರಾಯಿ ಅಂಗಡಿಗಳ ಮುಂದೆ ಸ್ವಯಂಸೇವಕರು ಪಿಕೆಟಿಂಗ್ ನಡೆಸುತ್ತಿದ್ದ ದಿನಗಳು. ಒಹಾಯೊದ ಪುಟ್ಟ ಊರಿನ ವಾದ ಹೀಗೆ ಸಮುದ್ರ ದಾಟಿ ನಮ್ಮ ನೆಲವನ್ನೂ ಮುಟ್ಟಿತು.

ಲೀಗಿನವರು ಆರಂಭದಲ್ಲಿ ಹಿಡಿದ ಮುಖ್ಯ ಅಸ್ತ್ರ ‘ಸ್ಥಳೀಯ ಆಯ್ಕೆ’. ಎಂದರೆ, ಮದ್ಯ ಬೇಕೋ ಬೇಡವೋ ಎಂಬುದನ್ನು ಆಯಾ ಊರಿನ, ಆಯಾ ಜಿಲ್ಲೆಯ ಮತದಾರರೇ ತೀರ್ಮಾನಿಸತಕ್ಕದ್ದು. ಆದರೆ ಬಲ ಬೆಳೆದಂತೆ ಅವರ ಆಸೆಯೂ ಬೆಳೆಯಿತು. ಇಡೀ ದೇಶವನ್ನೇ ಒಂದು ಶಾಸನದಿಂದ ಒಣಗಿಸಬೇಕೆಂದು ಹೊರಟರು. 1919ರ ಜನವರಿಯಲ್ಲಿ ಸಂವಿಧಾನದ 18ನೆಯ ತಿದ್ದುಪಡಿಗೆ ರಾಜ್ಯಗಳ ಅನುಮೋದನೆ ದೊರೆತು, ಮರುವರ್ಷದ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಕುಡಿತ ಮೊದಮೊದಲು ಇಳಿದದ್ದು ನಿಜ. ಆದರೆ ಕಳ್ಳಬಟ್ಟಿ, ಗುಪ್ತಪಾನಗೃಹ, ಲಂಚ, ಗೂಂಡಾಗಳ ಗುಂಪು ಇವೆಲ್ಲ ಮಹಾನಗರಗಳಲ್ಲಿ ತಲೆಯೆತ್ತಿದವು. 1933ರ ಡಿಸೆಂಬರ್ 5ರಂದು 21ನೆಯ ತಿದ್ದುಪಡಿ ಅದನ್ನು ರದ್ದುಗೊಳಿಸಿತು. ದೇಶದ ಪಾನನಿರೋಧದ ಆಯುಸ್ಸು 14 ವರ್ಷವನ್ನೂ ಮುಟ್ಟಲಿಲ್ಲ.

ಇಲ್ಲಿಯೇ ವೆಸ್ಟರ್‌ವಿಲ್‌ನ ವೈಶಿಷ್ಟ್ಯವಿರುವುದು. ದೇಶವೆಲ್ಲ ಹಸಿಯಾದಾಗಲೂ ಆ ಊರು ಒಣಗಿಯೇ ಉಳಿಯಿತು. ಈಗ ಯಾವ ರಾಷ್ಟ್ರಶಾಸನವೂ ಅದನ್ನು ಬಲವಂತಪಡಿಸುತ್ತಿರಲಿಲ್ಲ. ತಾನೇ ಹಾಕಿಕೊಂಡ ಕಟ್ಟಿಗೆ ತಾನೇ ಒಳಪಟ್ಟು ಅದು ಮತ್ತೆ 70 ವರ್ಷ ನಡೆಯಿತು.

ಮತಪೆಟ್ಟಿಗೆಯ ಮುಂದೆ

ಕಾಲ ಸರಿಯಿತು. ಲೀಗಿನ ಪ್ರಭಾವ ಕುಗ್ಗಿತು. 1973ರಲ್ಲಿ ಅದರ ಕೇಂದ್ರ ಕಟ್ಟಡ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ದಾನವಾಗಿ ಬಂದಿತು. ಕೊಲಂಬಸ್ ಬೆಳೆದಂತೆ ವೆಸ್ಟರ್‌ವಿಲ್ ಕೂಡ ಬೆಳೆದು, 2020ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 39,000 ಜನರಿದ್ದರು. 1990ರ ದಶಕದಲ್ಲಿ ಉತ್ತರದ ಪ್ರದೇಶಗಳು ಊರಿಗೆ ಸೇರಿದಾಗ, ಅಲ್ಲಿ ಅದಾಗಲೇ ಮದ್ಯ ಮಾರುತ್ತಿದ್ದ ಅಂಗಡಿಗಳೂ ಜೊತೆಗೆ ಬಂದವು. ಊರಿನ ಅಂಚು ಹಸಿ, ಹೃದಯ ಮಾತ್ರ ಒಣ ಎಂಬ ವಿಚಿತ್ರ ಸ್ಥಿತಿ ಒದಗಿತು. ಸ್ಟೇಟ್ ಸ್ಟ್ರೀಟಿನ ಹಳೆಯ ಪೇಟೆಯ ಉಪಾಹಾರಗೃಹಗಳಲ್ಲಿಯೂ ಮದ್ಯಕ್ಕೆ ಅನುಮತಿ ಬೇಕೆಂಬ ಪ್ರಶ್ನೆ ಆಗ ಮತ್ತೆ ಎದ್ದಿತು.

ಎರಡು ಕಡೆಯ ವಾದಗಳಲ್ಲಿಯೂ ತಿರುಳಿತ್ತು. ಊಟದ ಜೊತೆಗೆ ಒಂದು ಲೋಟ ಬಿಯರು ಬಯಸುವವನು ಹೇಗೂ ನಾಲ್ಕು ಮೈಲಿ ಕಾರು ಓಡಿಸಿ ಬೇರೆಡೆಗೆ ಹೋಗುತ್ತಾನೆ. ಅವನ ಜೊತೆಗೆ ಹಳೆಯ ಪೇಟೆಯ ವ್ಯಾಪಾರವೂ ಹೋಗುತ್ತದೆ. ಬಾಗಿಲು ಹಾಕಿದ ಅಂಗಡಿಗಳ ಬೀದಿಯಿಂದ ಹಿರಿಯರಿಗೆ ಯಾವ ಗೌರವ? ಇದು ಬೇಕೆನ್ನುವವರ ಮಾತು. ಬೇಡವೆನ್ನುವವರ ಮಾತು ಬೇರೆ. ಮದ್ಯ ಸಿಗುವ ಪೇಟೆ ಸಾವಿರವಿವೆ, ಸಿಗದ ಪೇಟೆ ಇದೊಂದೇ; ಮಕ್ಕಳೂ ವಿದ್ಯಾರ್ಥಿಗಳೂ ನಿಶ್ಚಿಂತೆಯಾಗಿ ಓಡಾಡುವ ಬೀದಿಯಿದು; ಇಂದು ಊಟದ ಜೊತೆಗಿನ ಒಂದು ಲೋಟ, ನಾಳೆ ಏನೋ ಯಾರು ಬಲ್ಲರು? ಎಲ್ಲಕ್ಕಿಂತ ಆಳವಾದ ಪ್ರಶ್ನೆಯೊಂದು ಈ ಎರಡರ ನಡುವೆ ನಿಂತಿತ್ತು. ಮುತ್ತಾತಂದಿರು ಮಾಡಿದ ಪ್ರತಿಜ್ಞೆ ಮರಿಮಕ್ಕಳನ್ನು ಎಷ್ಟು ಕಾಲ ಕಟ್ಟಿಹಾಕಬಹುದು? ಪ್ರತಿಜ್ಞೆಯನ್ನು ಬಿಟ್ಟ ಮೇಲೂ ಊರು ಅದೇ ಊರಾಗಿ ಉಳಿಯುವುದೇ?

ಒಹಾಯೊದ ಕಾನೂನು ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಉತ್ತರ ಹೇಳಬೇಕಾದವರು ಯಾರೆಂಬುದನ್ನು ಮಾತ್ರ ತಿಳಿಸುತ್ತದೆ. ಅಂಗಡಿಯಿರುವ ನೆರೆಯ ಮತದಾರರೇ ತೀರ್ಮಾನಿಸಬೇಕು. ಅದು ಹಿಂದೆ ಲೀಗಿನವರೇ ಬೆಳೆಸಿದ ಸ್ಥಳೀಯ ಆಯ್ಕೆಯ ತತ್ತ್ವ. ಮತದಾರರು 2005ರಲ್ಲಿ ಅನುಮತಿ ನೀಡಿದರು. 2006ರ ಜನವರಿಯಲ್ಲಿ ಪೇಟೆಯ ಒಂದು ಪಿಟ್ಸಾ ಅಂಗಡಿಯಲ್ಲಿ ಮೊದಲ ಬಿಯರು ಮಾರಾಟವಾಯಿತು. ಯಾವ ಗೋಡೆಯೂ ಸಿಡಿಯಲಿಲ್ಲ. ಸೋತವರು ಮರುದಿನವೂ ಅದೇ ಬೀದಿಯಲ್ಲಿ ಗೆದ್ದವರಿಗೆ ಎದುರಾಗಿ ನಡೆದಾಡಬೇಕಾಗಿತ್ತು; ನಡೆದಾಡಿದರು. ಲೀಗಿನ ಮುಖಂಡರು ಮನೆ ಕಟ್ಟಿಕೊಂಡಿದ್ದ ಸಾಲಿಗೆ ‘ಟೆಂಪರೆನ್ಸ್ ರೋ’ ಎಂದು ಹೆಸರು. ಮುಂದೆ ಅದೇ ಹೆಸರನ್ನಿಟ್ಟುಕೊಂಡು ಆ ಊರಿನಲ್ಲಿ ಒಂದು ಬಿಯರು ತಯಾರಿಕೆಯ ಸಂಸ್ಥೆಯೂ ಹುಟ್ಟಿತು. ರಸೆಲ್ ಮಹಾಶಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ವೆಸ್ಟರ್‌ವಿಲ್ ಕೊನೆಗೆ ಸೋತಿತೆಂದು ಹೇಳುವವರುಂಟು. ಲೆಕ್ಕ ಹಾಗೆ ಹೇಳುವುದಿಲ್ಲ. ದೂರದ ರಾಜಧಾನಿಯಿಂದ ಬಂದ ನಿಷೇಧ 14 ವರ್ಷ ತುಂಬುವ ಮೊದಲೇ ಕುಸಿಯಿತು. ನೆರೆಹೊರೆಯವರು ತಾವೇ ಒಪ್ಪಿಕೊಂಡ ನಿಷೇಧ ಶತಮಾನವನ್ನು ದಾಟಿ ನಿಂತಿತು. ಅದನ್ನು ಸಡಿಲಿಸಿದವರೂ ಆ ನೆರೆಹೊರೆಯವರೇ. ನಮ್ಮ ಸಂವಿಧಾನದ 47ನೆಯ ವಿಧಿಯೂ ಪಾನನಿರೋಧವನ್ನು ರಾಜ್ಯದ ಗುರಿಯೆಂದು ಹೇಳಿದೆ. ನಮ್ಮ ಹಳ್ಳಿಗಳಲ್ಲಿಯೂ ಸಾರಾಯಿ ಅಂಗಡಿ ಬೇಡವೆಂದು ಹೆಣ್ಣುಮಕ್ಕಳು ಬೀದಿಗಿಳಿದದ್ದುಂಟು. ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಎನ್ನುವ ಮೊದಲು, ಅದರ ಫಲವನ್ನು ಉಣ್ಣುವವರಿಗೆ ಬಾಯಿದೆಯೇ ಎಂದು ಕೇಳಬೇಕು. 1875ರಲ್ಲಿ ಹಾಡಿ ಬೇಡಿದ ಹೆಂಗಸರಿಗೆ ಇಲ್ಲದ ಮತ 2005ರಲ್ಲಿ ಅವರ ಮರಿಮಕ್ಕಳ ಕೈಯಲ್ಲಿತ್ತು. ಹಾಗೆಂದೇ ಆ ಸಲ ಸಿಡಿಮದ್ದು ಬೇಕಾಗಲಿಲ್ಲ.