ಹಿಂಗಾರಿಯ ಗಾಳಿ

ಗದಗ-ಬೆಟಗೇರಿಯಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವವರಿಗೆ ಕಪ್ಪತಗುಡ್ಡವು ಬಲಗಡೆಗೆ ಜೊತೆಗೂಡಿ ಬರುತ್ತದೆ. ಗುಡ್ಡದಾಚೆಗೆ ಶಿರಹಟ್ಟಿ, ಲಕ್ಷ್ಮೇಶ್ವರ. ಸಹ್ಯಾದ್ರಿಯು ಮುಂಗಾರಿಯ ನೀರನ್ನು ಬಹುಮಟ್ಟಿಗೆ ತಾನೇ ಇಳಿಸಿಕೊಳ್ಳುವುದರಿಂದ, ಇಲ್ಲಿಯ ಎರೆಹೊಲದ ಬಿಳಿಜೋಳ, ಕಡಲೆಗಳ ಭಾಗ್ಯವು ಹಸ್ತ, ಚಿತ್ತೆ, ಸ್ವಾತಿಗಳ ಹಿಂಗಾರಿಯನ್ನು ನಂಬಿರುವುದು.

1919ರಲ್ಲಿ ನಾರ್ವೆಯ ಯಾಕೋಬ್ ಬ್ಯೆರ್ಕ್ನೆಸ್ ಎಂಬ ವಿದ್ವಾಂಸನು, ಸಮಶೀತೋಷ್ಣ ವಲಯದ ಸುಳಿಗಾಳಿಗಳಲ್ಲಿ ಶೀತವಾಯುವೂ ಉಷ್ಣವಾಯುವೂ ಸಂಧಿಸುವ ಗೆರೆಗಳುಂಟೆಂದು ತೋರಿಸಿದನು. ಮಹಾಯುದ್ಧದ ರಣರೇಖೆಯ ಹೆಸರೇ ಮುಂದೆ ಅವಕ್ಕೆ ಬಂದಿತು: ‘ಫ್ರಂಟ್’. ಅಂಥ ಸುಳಿಗಳು ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮವನ್ನೂ ಪಂಜಾಬಿನ ಗೋದಿಗೆ ಮಳೆಯನ್ನೂ ತರುತ್ತವೆ. ನಮ್ಮ 15ನೆಯ ಅಕ್ಷಾಂಶದವರೆಗೆ ಇಳಿಯವು. ನಮ್ಮ ಹಿಂಗಾರಿಯ ಸುಳಿಯು ಬಂಗಾಳ ಉಪಸಾಗರದಲ್ಲಿ ಹುಟ್ಟುವುದು. ಅದಕ್ಕೆ ಎರಡು ವಾಯುಗಳ ಕಲಹವು ಬೇಕಿಲ್ಲ; ಆವಿಯು ಮೋಡವಾಗುವಾಗ ಬಿಡುವ ಶಾಖವೇ ಅದರ ಬಲ.

ಉತ್ತರಾರ್ಧಗೋಲದಲ್ಲಿ ಈ ಎರಡು ಬಗೆಯ ಸುಳಿಗಳೂ ಅಪ್ರದಕ್ಷಿಣವಾಗಿ ತಿರುಗುವವು. ಆದುದರಿಂದ ಗಾಳಿಗೆ ಬೆನ್ನುಕೊಟ್ಟು ನಿಂತರೆ ಸುಳಿಯ ನಡುವು ಎಡಕ್ಕಿರುವುದು. ಆಶ್ವಿನದಲ್ಲಿ ಬಡಗಣ ಗಾಳಿ ಬೀಸಿ ಮೋಡ ಕವಿದರೆ ಮೂಡಣ ಕಡಲನ್ನು ನೆನೆಯಬೇಕು.

ಮಳೆಯು ಹದವಾದರೆ ಕೂರಿಗೆ ಸಾಗುವುದು. 2009ರ ಸೆಪ್ಟೆಂಬರ್ ಕೊನೆಗೆ ಅದು ಮಿತಿಮೀರಿ, ಉತ್ತರ ಕರ್ನಾಟಕದ ಮಣ್ಣಿನ ಮನೆಗಳನ್ನೇ ಕೆಡವಿತು. ಗೃಹಸ್ಥರು ಪಂಚಾಂಗದೊಡನೆ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ನೋಡುವುದು ಲೇಸು.