ನಮ್ಮ ತಾಯಿಯವರ ಬ್ಯಾಂಕು ಉದ್ಯೋಗವೂ ಅವರಿಗೆ ದಾರಿ ತೋರಿಸಿದವರೂ

ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಶಾಲೆಯ ಕಟ್ಟಡ, ಪರೀಕ್ಷೆಗಳ ಫಲಿತಾಂಶ, ಆಟಗಳಲ್ಲಿ ಗೆದ್ದ ಬಹುಮಾನ ಇವುಗಳ ಸಂಗತಿಯೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದೇ ಇರುವುದು. ಆದುದರಿಂದ ನಮ್ಮ ಕೊಠಡಿಯಲ್ಲಿ ವರ್ಷವರ್ಷವೂ ಕೇಳಿಬರುವ ಒಂದು ಪ್ರಶ್ನೆಯ ವಿಷಯವಾಗಿ ಬರೆಯುವುದು ಮೇಲೆಂದು ನಮಗೆ ತೋರಿತು.

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರದಲ್ಲಿ ತಂದೆತಾಯಿಗಳು ಬಂದು ಕುಳಿತು, "ಮಗಳನ್ನು ಕಾಮರ್ಸಿಗೆ ಸೇರಿಸಬಹುದೇ ಅಮ್ಮಾ? ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿದೆ. ಆದರೆ ಬ್ಯಾಂಕಿನ ಕೆಲಸವೆಂದರೆ ಊರೂರು ವರ್ಗವಂತೆ. ನಾಳೆ ಮದುವೆಯಾದ ಮೇಲೆ ಏನು ಗತಿ?" ಎಂದು ವಿಚಾರಿಸುವುದುಂಟು. ಈ ಪ್ರಶ್ನೆಗೆ ಉತ್ತರವು ನಮಗೆ ಯಾವ ಪುಸ್ತಕದಿಂದಲೂ ದೊರೆತುದಲ್ಲ. ನಮ್ಮ ಮನೆಯಲ್ಲಿಯೇ ದೊರೆತುದು. ನಮ್ಮ ತಾಯಿಯವರು 1975ರಲ್ಲಿ ಗುಮಾಸ್ತೆಯಾಗಿ ಬ್ಯಾಂಕನ್ನು ಸೇರಿ, 2015ರಲ್ಲಿ ಹಿರಿಯ ಅಧಿಕಾರಿಯಾಗಿ ನಿವೃತ್ತರಾದರು. ಅವರು ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಓದಿದವರೆಂಬುದನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಬಲ್ಲರು.

ನಮ್ಮ ಕರಾವಳಿಯವರಿಗೆ ಬ್ಯಾಂಕೆಂಬುದು ಹೊರಗಿನಿಂದ ಬಂದ ಪದಾರ್ಥವಲ್ಲವಷ್ಟೆ. 1906ರಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕೆನಿಸಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದುದು ಕಾರ್ಪೊರೇಶನ್ ಬ್ಯಾಂಕಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದುವು. ಈ ಸುಬ್ಬರಾವ್ ಪೈಯವರು ಬ್ಯಾಂಕನ್ನು ಸ್ಥಾಪಿಸುವುದಕ್ಕಿಂತ ಮೊದಲೇ, 1891ರಲ್ಲಿ ಹುಡುಗರಿಗೂ 1894ರಲ್ಲಿ ಹುಡುಗಿಯರಿಗೂ ಶಾಲೆಗಳನ್ನು ತೆರೆದಿದ್ದರೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ನೆನೆಯುತ್ತೇವೆ. ಮೊದಲು ಪಾಠಶಾಲೆ, ಆಮೇಲೆ ಹಣಪೆಟ್ಟಿಗೆ! ಆ ಐದು ಬ್ಯಾಂಕುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದುವು. ಈಗ ತಮ್ಮ ಹೆಸರಿನಿಂದಲೇ ಉಳಿದಿರುವವು ಕೆನರಾ ಮತ್ತು ಕರ್ಣಾಟಕ ಬ್ಯಾಂಕುಗಳು ಮಾತ್ರವೇ.

ತಾಯಿಯವರಿಗೆ ಮೊದಲು ದಾರಿ ತೋರಿಸಿದವರು ಈ ಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದ ಟೀಚರು. ಹೆಣ್ಣುಮಕ್ಕಳಿಗೆ ಹೊಲಿಗೆಯೂ ಅಡಿಗೆಯೂ ಬಂದರೆ ಸಾಕು, ಲೆಕ್ಕವೇಕೆಂದು ಹೇಳುವವರು ಆಗ ಬಹಳ ಮಂದಿ. ಆ ಟೀಚರು ಅದಕ್ಕೆ ಪ್ರತ್ಯುತ್ತರವಾಗಿ ಭಾಷಣವನ್ನೇನೂ ಮಾಡಲಿಲ್ಲ. ಶಾಲೆಯ ಶುಲ್ಕದ ಹಣವನ್ನು ಬ್ಯಾಂಕಿಗೆ ಕಟ್ಟುವ ಕೆಲಸವು ಅವರದಾಗಿತ್ತು. ಹೋಗುವಾಗಲೆಲ್ಲಾ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರನ್ನು ಸಂಗಡ ಕರೆದುಕೊಂಡು ಹೋಗುವರು. ಚಲನನ್ನು ಹುಡುಗಿಯರೇ ಬರೆಯಬೇಕು, ನೋಟುಗಳನ್ನು ಹುಡುಗಿಯರೇ ಎಣಿಸಬೇಕು. ಟೀಚರು ಕೊಡೆಯನ್ನು ಮಡಿಸಿಕೊಂಡು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವರು. ಹೀಗೆ ಹದಿನಾರನೆಯ ವಯಸ್ಸಿನಲ್ಲಿಯೇ ನಮ್ಮ ತಾಯಿಯವರಿಗೆ ಬ್ಯಾಂಕಿನ ಕಟಕಟೆಯ ಭಯವು ಬಿಟ್ಟುಹೋಯಿತು.

ಕಾಲೇಜಿನ ಓದು ಮುಗಿದಾಗ ಉದ್ಯೋಗದ ಸುದ್ದಿಯನ್ನು ತಂದವರು ಪಿಗ್ಮಿಯವರು. ಈ ಪಿಗ್ಮಿ ಠೇವಣಿಯನ್ನು ಸಿಂಡಿಕೇಟಿನವರು 1928ರಲ್ಲಿ ಆರಂಭಿಸಿದರು. ದಿನಕ್ಕೆ ಎರಡಾಣೆಯಷ್ಟನ್ನು ಉಳಿಸಬಲ್ಲವರ ಮನೆಬಾಗಿಲಿಗೂ ಬ್ಯಾಂಕಿನವರೇ ಹೋಗಿ ಹಣವನ್ನು ಸಂಗ್ರಹಿಸುವ ಏರ್ಪಾಡದು. ನಮ್ಮ ಅಜ್ಜಿಯವರು ಮಲ್ಲಿಗೆ ಮಾರಿ ಬಂದುದರಲ್ಲಿ ದಿನವೂ ಏನಾದರೊಂದಷ್ಟನ್ನು ಆ ಪಿಗ್ಮಿಯವರ ಕೈಗೆ ಹಾಕುತ್ತಿದ್ದರು. ಆತನು ಒಂದು ಸಂಜೆ, ತನ್ನದಲ್ಲದ ಮತ್ತೊಂದು ಬ್ಯಾಂಕಿನವರು ಗುಮಾಸ್ತರನ್ನು ತೆಗೆದುಕೊಳ್ಳುವ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ ತಂದು, "ನಿಮ್ಮ ಮಗಳು ಬರೆಯಲಿ ಅಮ್ಮಾ, ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ" ಎಂದನಂತೆ. ಹುಡುಗಿಯರನ್ನು ತೆಗೆದುಕೊಳ್ಳುವರೆಂಬ ಮಾತು ಸುಳ್ಳಾಗಿರಲಿಲ್ಲ. 1962ರಲ್ಲಿಯೇ ಸಿಂಡಿಕೇಟಿನವರು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸ್ತ್ರೀಯರೇ ನಡೆಸುವ ಶಾಖೆಯೊಂದನ್ನು ತೆರೆದಿದ್ದರು. 1969ರ ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸರಕಾರದ ವಶಕ್ಕೆ ಬಂದ ಮೇಲೆ ಹಳ್ಳಿಹಳ್ಳಿಗೂ ಶಾಖೆಗಳು ಹಬ್ಬಿದುದರಿಂದ ಕೆಲಸಗಾರರ ಅವಶ್ಯಕತೆಯೂ ಹೆಚ್ಚಿತ್ತು. ಪರೀಕ್ಷೆಯೂ ಸಂದರ್ಶನವೂ ಆಗಿ ತಾಯಿಯವರಿಗೆ ಮೂಡುಬಿದಿರೆಯಲ್ಲಿ ಕೆಲಸವಾಯಿತು.

ಆ ಶಾಖೆಯ ಅಕೌಂಟೆಂಟರು ಎರಡನೆಯ ಗುರುಗಳು. ಈಗಿನ ಮಕ್ಕಳಿಗೆ ಆಗಿನ ಬ್ಯಾಂಕಿನ ಕೆಲಸವು ಹೇಗಿತ್ತೆಂದು ಸ್ವಲ್ಪ ವಿವರಿಸಿ ಹೇಳಬೇಕು. ಹಣವನ್ನು ತೆಗೆಯಬಂದವರಿಗೆ ಹಿತ್ತಾಳೆಯ ಟೋಕನೊಂದನ್ನು ಕೊಡುವುದು. ದೊಡ್ಡ ಲೆಡ್ಜರಿನಲ್ಲಿ ಅವರ ಪುಟವನ್ನು ತೆರೆದು, ಶಿಲ್ಕನ್ನು ನೋಡಿ, ತೆಗೆದ ಮೊತ್ತವನ್ನು ಬರೆದು, ಹೊಸ ಶಿಲ್ಕನ್ನು ಕಟ್ಟುವುದು. ಸಂಜೆಗೆ ಎಲ್ಲಾ ಚೀಟಿಗಳ ಮೊತ್ತವೂ ದಿನವಹಿಯ ಮೊತ್ತವೂ ಒಂದೇ ಆಗಬೇಕು. ಆಗದಿದ್ದರೆ ಮನೆಗೆ ಹೋಗುವಂತಿಲ್ಲ. ಉಳಿತಾಯ ಖಾತೆಯ ಬಡ್ಡಿಯನ್ನು ಲೆಕ್ಕಹಾಕುವ ಕ್ರಮವೂ ಬೇರೆಯಾಗಿತ್ತು. ತಿಂಗಳ 10ನೆಯ ತಾರೀಖಿನಿಂದ ಕಡೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆಯ ಶಿಲ್ಕಿಗೆ ಮಾತ್ರ ಬಡ್ಡಿ. (ದಿನದಿನದ ಶಿಲ್ಕಿಗೆ ಬಡ್ಡಿಯನ್ನು ಕೊಡುವ ಪದ್ಧತಿಯು 2010ರ ಎಪ್ರಿಲ್ 1ರಿಂದ ಬಂದಿತು.) ಇದನ್ನರಿತ ತಾಯಿಯವರು ನಮ್ಮ ಶಾಲೆಯ ಟೀಚರುಗಳಿಗೆಲ್ಲಾ, "ಕಟ್ಟುವುದಿದ್ದರೆ ಹತ್ತರೊಳಗೆ ಕಟ್ಟಿರಿ, ತೆಗೆಯುವುದಿದ್ದರೆ ಒಂದನೆಯ ತಾರೀಖಿನವರೆಗೆ ತಡೆಯಿರಿ" ಎಂದು ಬುದ್ಧಿ ಹೇಳುತ್ತಿದ್ದರು. ಬ್ಯಾಂಕಿನವರಿಗೆ ಇದರಿಂದ ಲಾಭವಾಯಿತೋ ನಷ್ಟವಾಯಿತೋ, ಟೀಚರುಗಳಿಗಂತೂ ಲಾಭವಾಯಿತು.

ಒಂದು ಸಂಜೆ ಲೆಕ್ಕದಲ್ಲಿ 54 ರೂಪಾಯಿಯ ವ್ಯತ್ಯಾಸ ಬಂದಿತು. ಸೇರಿ ಮೂರು ತಿಂಗಳೂ ಆಗಿರಲಿಲ್ಲ. ನೂರಾರು ಚೀಟಿಗಳನ್ನು ಮೊದಲಿನಿಂದ ತಿರುವಿಹಾಕಲು ಆರಂಭಿಸಿದಾಗ ಅಕೌಂಟೆಂಟರು ಬಂದು, "ಮೊದಲು ಒಂಬತ್ತರಿಂದ ಭಾಗಿಸಿ ನೋಡಮ್ಮಾ" ಎಂದರು. ಭಾಗವಾಯಿತು. "ಹಾಗಾದರೆ ಎಲ್ಲಿಯೋ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು, ಅಂಥದನ್ನೇ ಹುಡುಕು." ಸ್ವಲ್ಪ ಹೊತ್ತಿನಲ್ಲಿ 360 ಎಂದಿದ್ದುದು 306 ಎಂದು ಬರೆದುಹೋದುದು ಸಿಕ್ಕಿತು. ಮುಂದಿನ ಆದಿತ್ಯವಾರ ತಾಯಿಯವರು ಗಣಿತದ ಟೀಚರ ಮನೆಗೆ ಹೋಗಿ ಈ ಚಮತ್ಕಾರವನ್ನು ಹೇಳಿದರು. ಟೀಚರು ನಕ್ಕು, ಪಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಾಯಿಸಿದರೆ ಬರುವ ವ್ಯತ್ಯಾಸವು ಒಂಬತ್ತರಿಂದ ಏಕೆ ಭಾಗವಾಗಲೇಬೇಕೆಂಬುದನ್ನು ಸ್ಲೇಟಿನ ಮೇಲೆ ಸಾಧಿಸಿ ತೋರಿಸಿದರು. ಅಕೌಂಟೆಂಟರಿಗೆ ಆ ಕಾರಣವು ತಿಳಿದಿರಲಿಲ್ಲ. ಟೀಚರಿಗೆ ಆ ಉಪಯೋಗವು ತಿಳಿದಿರಲಿಲ್ಲ. ಮರುದಿನ ಕಾರಣವನ್ನು ಕೇಳಿದ ಅಕೌಂಟೆಂಟರು, ಮೂವತ್ತು ವರ್ಷಗಳಿಂದ ಮಾಡುತ್ತಿದ್ದುದರ ಅರ್ಥವು ಇಂದು ತಿಳಿಯಿತೆಂದು ಬಹಳ ಸಂತೋಷಪಟ್ಟರಂತೆ. ಈ ಸಂಗತಿಯನ್ನು ನಾವು ಪ್ರತಿವರ್ಷವೂ ಎಂಟನೆಯ ತರಗತಿಯಲ್ಲಿ ಹೇಳುವುದುಂಟು. ಬೀಜಗಣಿತವು ಯಾತಕ್ಕೆಂದು ಕೇಳುವ ಹುಡುಗಿಯರು ಅಂದು ಕೇಳುವುದಿಲ್ಲ.

ಅಕೌಂಟೆಂಟರೇ ಒತ್ತಾಯಿಸಿ ತಾಯಿಯವರನ್ನು ಸಿ.ಎ.ಐ.ಐ.ಬಿ. ಎಂಬ ಬ್ಯಾಂಕು ಪರೀಕ್ಷೆಗೆ ಕಟ್ಟಿಸಿದರು. ಮದುವೆಯೂ ಆಯಿತು, ನಾವೂ ನಮ್ಮ ತಮ್ಮನೂ ಹುಟ್ಟಿದೆವು, ಪರೀಕ್ಷೆಯ ಎರಡು ಭಾಗಗಳೂ ಮುಗಿದುವು. 1986ರಲ್ಲಿ ಅಧಿಕಾರಿಯ ಪದವಿಗೆ ಬಡ್ತಿಯಾಗಿ ಗದಗಕ್ಕೆ ವರ್ಗದ ಆಜ್ಞೆ ಬಂದಿತು.

ಇಲ್ಲಿ ನಾವು ಸ್ವಲ್ಪ ನಿಂತು ಬರೆಯಬೇಕಾಗಿದೆ. ಯಾಕಂದರೆ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆ ಇದೇ. ಗುಮಾಸ್ತೆಯಾಗಿ ಉಳಿದವರಿಗೆ ಊರಿನ ಸಮೀಪದಲ್ಲಿಯೇ ಇರಬಹುದು. ಬಡ್ತಿ ಬೇಕೆಂದವರು ಕಳುಹಿಸಿದಲ್ಲಿಗೆ ಹೋಗಬೇಕು. ಬಡ್ತಿ ಬೇಡವೆಂದು ಬರೆದುಕೊಡುವುದಕ್ಕೆ ಅವಕಾಶವಿತ್ತು. ತಾಯಿಯವರ ಸಹೋದ್ಯೋಗಿನಿಯರಲ್ಲಿ ಅನೇಕರು ಹಾಗೆಯೇ ಬರೆದುಕೊಟ್ಟರು. ಅವರಲ್ಲಿ ತಾಯಿಯವರಿಗಿಂತ ಜಾಣರಾದವರೂ ಇದ್ದರು. ಮೇಲಿನ ಅಧಿಕಾರಿಯೊಬ್ಬರು, "ನಿಮಗೇಕಮ್ಮಾ ಈ ಕಷ್ಟ? ಮನೆಯಲ್ಲಿ ಯಜಮಾನರ ಸಂಬಳವಿದೆಯಲ್ಲ" ಎಂದು ಕಾಗದವನ್ನೂ ಲೇಖನಿಯನ್ನೂ ಮುಂದಿಟ್ಟರಂತೆ. ನಮ್ಮ ತಂದೆಯವರು ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಊರನ್ನು ಬಿಡುವಂತಿರಲಿಲ್ಲ. ನಮಗಾಗ ಆರು ವರ್ಷ, ತಮ್ಮನಿಗೆ ಮೂರು. ಅಜ್ಜಿಯವರಂತೂ ಊಟವನ್ನೇ ಬಿಟ್ಟು ಕುಳಿತರು.

ತಾಯಿಯವರು ನಿರಾಕರಣೆಯ ಪತ್ರವನ್ನು ಬರೆದಿಟ್ಟುಕೊಂಡೇ ಟೀಚರಲ್ಲಿಗೆ ಹೋದರು. ಆಗ ನಿವೃತ್ತರಾಗಿದ್ದ ಟೀಚರು ಪತ್ರವನ್ನು ಓದಿ, ಹೋಗೆಂದೂ ಹೇಳಲಿಲ್ಲ, ಹೋಗಬೇಡವೆಂದೂ ಹೇಳಲಿಲ್ಲ. ಒಂದು ಹಾಳೆಯನ್ನು ತೆಗೆದು ನಡುವೆ ಗೆರೆ ಎಳೆದು, ಎಡಕ್ಕೆ ಹೋದರೆ ಆಗುವ ನಷ್ಟವನ್ನೂ ಬಲಕ್ಕೆ ಹೋಗದಿದ್ದರೆ ಆಗುವ ನಷ್ಟವನ್ನೂ ಬರೆಯಿಸಿದರು. ಎಡಗಡೆಯ ಪಟ್ಟಿಯೇ ಉದ್ದವಾಯಿತು. ಅದನ್ನು ನೋಡಿ ಅವರು, "ಇವೆಲ್ಲಾ ಮೂರು ವರ್ಷದಲ್ಲಿ ತೀರುವ ಸಾಲ. ಬಲಗಡೆಯದು ಇಪ್ಪತ್ತೊಂಬತ್ತು ವರ್ಷದ ಸಾಲ. ಮಗುವೇ, ನಿನಗೆ ಬಡ್ಡಿಲೆಕ್ಕವನ್ನು ನಾನೇ ಕಲಿಸಿದೆನಲ್ಲ" ಎಂದರು. ಆಮೇಲೆ, ಸಂಜೆಯ ಹೊತ್ತಿನಲ್ಲಿ ನಮ್ಮಿಬ್ಬರ ಪಾಠವನ್ನು ತಾನು ನೋಡಿಕೊಳ್ಳುವೆನೆಂದು ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಮಳೆಗಾಲದಲ್ಲಿಯೂ ತಪ್ಪದೆ ಬಂದರು. ಬುದ್ಧಿಹೇಳುವವರು ಲೋಕದಲ್ಲಿ ಹೇರಳವಾಗಿದ್ದಾರೆ. ಹೇಳಿದುದರ ಭಾರದಲ್ಲಿ ಪಾಲು ಹೊರುವವರನ್ನು ನಾವು ಕಂಡುದು ಕಡಿಮೆ.

ತಾಯಿಯವರು ಹೋದರು. ಆ ಮೂರು ವರ್ಷಗಳು ನಮಗೆ ಸುಲಭವಾಗಿದ್ದುವೆಂದು ಬರೆದರೆ ಸುಳ್ಳಾದೀತು. ತಿಂಗಳಿಗೊಮ್ಮೆ ರಾತ್ರಿಯ ಬಸ್ಸಿನಲ್ಲಿ ಘಟ್ಟವಿಳಿದು ಬಂದ ತಾಯಿಯನ್ನು ತಮ್ಮನು ಮೊದಲ ಘಳಿಗೆಯಲ್ಲಿ ಗುರುತಿಸದೆ ಅಜ್ಜಿಯ ಹಿಂದೆ ಅಡಗುತ್ತಿದ್ದನು. ಅದನ್ನು ಕಂಡು ಅವರು ಅಡಿಗೆಮನೆಗೆ ಹೋಗಿ ನಿಲ್ಲುತ್ತಿದ್ದುದನ್ನು ನಾವು ಮರೆತಿಲ್ಲ. ಆದುದರಿಂದ ವರ್ಗವೆಂದರೆ ಏನೂ ಅಲ್ಲವೆಂದು ನಾವು ಯಾವ ಪೋಷಕರಿಗೂ ಹೇಳುವುದಿಲ್ಲ. ಅದು ದುಡ್ಡು ಕೊಟ್ಟು ಕೊಳ್ಳುವ ಪದಾರ್ಥದಂತೆ; ಬೆಲೆಯನ್ನು ಕೇಳಿಕೊಂಡು ಕೊಳ್ಳತಕ್ಕದ್ದು.

ಗದಗದಲ್ಲಿ ಬೆಟಗೇರಿಯ ನೇಕಾರರೇ ಅವರಿಗೆ ಗುರುಗಳಾದರು. ನಮ್ಮ ಕರಾವಳಿಯ ಪುಸ್ತಕದ ಕನ್ನಡವನ್ನು ಕೇಳಿ ಅವರಿಗೆ ನಗು. "ಏನ್ರೀ ಅಕ್ಕಾರ, ಪದ್ಯ ಓದಿದಂಗ ಮಾತಾಡ್ತೀರಿ" ಎನ್ನುವರಂತೆ. ನೂಲಿನ ಧಾರಣೆ ಯಾವಾಗ ಏರುವುದು, ಸೀರೆ ಯಾವ ಹಬ್ಬಕ್ಕೆ ಮಾರುವುದು, ಸಾಲದ ಕಂತು ಯಾವ ತಿಂಗಳಲ್ಲಿ ಇಟ್ಟರೆ ಕಟ್ಟಲು ಸಾಧ್ಯ, ಇವುಗಳನ್ನು ಮಗ್ಗದ ಪಕ್ಕದಲ್ಲಿ ಕುಳಿತು ಕಲಿತರು. ಸಾಲದ ಅರ್ಜಿಯಲ್ಲಿ ಗಂಡಸಿನ ಹೆಸರಿರುವುದಾದರೂ ಲೆಕ್ಕವನ್ನು ಬಾಯಲ್ಲಿಟ್ಟುಕೊಂಡವಳು ಅವನ ಹೆಂಡತಿಯೆಂಬುದೂ ಅಲ್ಲಿಯೇ ತಿಳಿಯಿತು. 1992ರಲ್ಲಿ ನಬಾರ್ಡಿನವರು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕೆಲಸವನ್ನು 500 ಗುಂಪುಗಳಿಂದ ಪ್ರಯೋಗವಾಗಿ ಆರಂಭಿಸಿದಾಗ, ಜಾಮೀನಿಲ್ಲದೆ ಹೆಂಗಸರ ಗುಂಪಿಗೆ ಸಾಲ ಕೊಡುವುದೆಂತೆಂದು ಎಷ್ಟೋ ಅಧಿಕಾರಿಗಳು ಸಂಶಯಪಟ್ಟರು, ತಾಯಿಯವರು ಪಡಲಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುವೆವು. ಶಾಖೆಯ ಮೇನೇಜರರಾದರು, ಲೆಡ್ಜರುಗಳು ಹೋಗಿ ಕಂಪ್ಯೂಟರುಗಳು ಬಂದುವು, ತರುಣರಿಗಿಂತ ಮೊದಲು ತಾವು ಕಲಿತರು. ಅವರ ಉದ್ಯೋಗದ ಕಾಲದಲ್ಲಿಯೇ 1993ರಲ್ಲಿ ತರ್ಜನಿ ವಕೀಲರು ಎಕ್ಸಿಂ ಬ್ಯಾಂಕಿನ ಅಧ್ಯಕ್ಷೆಯಾದರು. 2000ದಲ್ಲಿ ರಂಜನಾ ಕುಮಾರರು ಇಂಡಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು. 1977ರಲ್ಲಿ ಸ್ಟೇಟ್ ಬ್ಯಾಂಕನ್ನು ಸೇರಿದ ಅರುಂಧತಿ ಭಟ್ಟಾಚಾರ್ಯರು 2013ರಲ್ಲಿ ಅದರ ಅಧ್ಯಕ್ಷೆಯಾದ ಪ್ರಥಮ ಮಹಿಳೆ. ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಸ್ತ್ರೀಯರು ಎರಡು ವರ್ಷಗಳವರೆಗೆ ರಜೆ ಪಡೆದು ಮತ್ತೆ ಕೆಲಸಕ್ಕೆ ಬರುವ ಏರ್ಪಾಡನ್ನು ಅವರ ಕಾಲದಲ್ಲಿ ಆ ಬ್ಯಾಂಕಿನಲ್ಲಿ ಮಾಡಿದರು. ಪತ್ರಿಕೆಯಲ್ಲಿ ಅದನ್ನೋದಿದ ದಿನ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "1986ರಲ್ಲಿ ಇದಿದ್ದಿದ್ದರೆ ಆ ಜಾಣೆಯರು ಪತ್ರ ಬರೆದುಕೊಡುತ್ತಿರಲಿಲ್ಲ" ಎಂದರು. ತಮ್ಮ ಶಾಖೆಗೆ ಬಂದ ತರುಣಿಯರಲ್ಲಿ ಬಡ್ತಿ ಬೇಡವೆಂದು ಬಂದವರ ಮುಂದೆ ಅವರೂ ನಡುವೆ ಗೆರೆ ಎಳೆದ ಹಾಳೆಯನ್ನಿಡುತ್ತಿದ್ದರು. ಕೆಲವರು ಹೋದರು, ಕೆಲವರು ಹೋಗಲಿಲ್ಲ. ಹೋಗದವರನ್ನು ಅವರು ಹಳಿದುದನ್ನು ನಾವು ಕೇಳಿಲ್ಲ.

ನಮ್ಮ ಟೀಚರು 2004ರಲ್ಲಿ ತೀರಿಕೊಂಡರು. ಅವರ ಉಳಿತಾಯ ಖಾತೆಗೆ ನಾಮಿನಿಯಾಗಿ ಬರೆದುದು ನಮ್ಮ ಶಾಲೆಯ ಅಂದಿನ ಹಾಸ್ಟೆಲಿನ ಅಡಿಗೆಯಾಕೆಯನ್ನೆಂದು ಆಮೇಲೆ ತಿಳಿಯಿತು. ಆ ಹಣವನ್ನು ಆಕೆಗೆ ಕೊಡಿಸುವ ಕಾಗದಪತ್ರಗಳನ್ನು ತಾಯಿಯವರೇ ಮಾಡಿದರು.

ಈಗ ತಾಯಿಯವರು ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಪಾಸ್‌ಬುಕ್ಕನ್ನು ಓದುವುದು, ಬಡ್ಡಿಯನ್ನು ಲೆಕ್ಕಹಾಕುವುದು, ಒ.ಟಿ.ಪಿ. ಕೇಳುವ ವಂಚಕರಿಗೆ ಉತ್ತರ ಕೊಡದಿರುವುದು ಇವುಗಳನ್ನು ಕಲಿಸುತ್ತಾರೆ. ಒಬ್ಬರಿಂದ ಎಲ್ಲಾ ವಿಭಾಗಗಳಿಗೂ ಸಾಲದು. ಬ್ಯಾಂಕು, ವಿಮೆ, ಲೆಕ್ಕಪರಿಶೋಧನೆ ಮೊದಲಾದ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ತಿಂಗಳಿಗೆ ಒಂದು ಶನಿವಾರವನ್ನು ಕೊಡಬಲ್ಲವರು ಶಾಲೆಯ ಕಚೇರಿಗೆ ಬರೆದು ತಿಳಿಸಬೇಕಾಗಿ ಕೇಳಿಕೊಳ್ಳುತ್ತೇವೆ. ವರ್ಗವಾಗಿ ದೂರದ ಊರಿನಲ್ಲಿರುವವರು ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ಬಂದರೂ ಸಾಕು.