ಹಲ್ಲಿರುವ ರೇಜರು

ಗಡ್ಡದ ವಿಷಯದಲ್ಲಿ ನಾವು ಎರಡು ಕಡೆಗೂ ಸಲ್ಲದವರು. ಮಸೀದಿಯ ಮೊದಲ ಸಾಲಿನ ಹಿರಿಯರು ಬಯಸುವಂತೆ ಒಂದು ಮುಷ್ಟಿ ಗಡ್ಡ ಬಿಟ್ಟವರಲ್ಲ. ಟೀವಿ ಜಾಹೀರಾತಿನ ತರುಣರಂತೆ ಬೆಳಗಾದರೆ ಕೆನ್ನೆ ನುಣ್ಣಗೆ ಮಾಡಿಕೊಂಡು ಹೊರಡುವವರೂ ಅಲ್ಲ. ವಾರಕ್ಕೆ ಎರಡು ಸಲ, ಅದೂ ಮನಸ್ಸು ಬಂದರೆ. ಕತೆಯೊಂದು ತಲೆಯೊಳಗೆ ಸಿಕ್ಕಿಕೊಂಡಿದ್ದರೆ ಐದಾರು ದಿನ ಹಾಗೆಯೇ ಕಳೆದುಹೋಗುತ್ತವೆ. (ಇಲ್ಲಿ 'ನಾವು' ಎಂದರೆ ನಾವೊಬ್ಬರೇ. ಉರ್ದು ಶಾಲೆಯಲ್ಲಿ ಕಲಿತ 'ಹಮ್' ಕನ್ನಡಕ್ಕೆ ಬಂದ ಮೇಲೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಓದುಗರು ಇದನ್ನು ದೊಡ್ಡಸ್ತಿಕೆ ಎಂದು ತಿಳಿಯಬಾರದು.)

ಇದರ ಮೇಲೆ ವರ್ಷಕ್ಕೊಮ್ಮೆ ಬಕ್ರೀದ್ ಬರುತ್ತದೆ. ಜಿಲ್‌ಹಜ್ಜ ತಿಂಗಳ ಚಂದ್ರ ಕಂಡಲ್ಲಿಂದ ಕುರ್ಬಾನಿ ಆಗುವವರೆಗೆ, ಕುರ್ಬಾನಿ ಕೊಡುವವರು ಕೂದಲು, ಉಗುರು ತೆಗೆಯದೆ ಇರುವ ಪದ್ಧತಿ ನಮ್ಮಲ್ಲಿದೆ. ಹಬ್ಬ ತಿಂಗಳ ಹತ್ತನೆಯ ದಿನ. ಅಂದರೆ ಅಂದು ಮಧ್ಯಾಹ್ನ ಕನ್ನಡಿಯ ಮುಂದೆ ನಿಂತಾಗ ಮುಖದ ಮೇಲೆ ಕಡಿಮೆಯೆಂದರೂ ಹತ್ತು ದಿನದ ಬೆಳೆ. "ವರ್ಷವಿಡೀ ಬೋಳಿಸುವ ನಿಮಗೆ ಈ ಹತ್ತು ದಿನದ ಶಿಸ್ತು ಯಾಕೆ ಸಾಹೇಬ್ರೇ?" ಎಂದು ಗೆಳೆಯರು ನಗುತ್ತಾರೆ. ನಮ್ಮ ಬಳಿ ಉತ್ತರವಿಲ್ಲ. ಅಬ್ಬಾ ಹಾಗೆ ಮಾಡುತ್ತಿದ್ದರು, ನಾವೂ ಮಾಡುತ್ತೇವೆ.

2007ರ ಡಿಸೆಂಬರಿನಲ್ಲಿ ಒಂದು ತಮಾಷೆ ನಡೆಯಿತು. ಬಕ್ರೀದ್ ಆ ವರ್ಷ ಡಿಸೆಂಬರಿಗೇ ಬಂದಿತ್ತು. ನಮ್ಮ ಪಕ್ಕದ ಮೇಜಿನ ಸಹೋದ್ಯೋಗಿ ಅಯ್ಯಪ್ಪನ ಮಾಲೆ ಹಾಕಿದ್ದರು. ನಲವತ್ತೊಂದು ದಿನದ ವ್ರತ. ಅವರ ಮುಖದ ಮೇಲೂ ಕಾಡು. ಕೆಲಸಕ್ಕೆ ಬಂದ ರೈತರೊಬ್ಬರು ನಮ್ಮಿಬ್ಬರನ್ನೂ ನೋಡಿ, "ಇಲ್ಲಿ ಕ್ಷೌರದ ಅಂಗಡಿ ಮುಚ್ಚಿದೆಯೇನ್ರೀ?" ಎಂದರು. ಇಬ್ಬರೂ ನಕ್ಕೆವು. ಆಮೇಲೆ ಆ ಸ್ವಾಮಿಗಳು ತಗ್ಗಿದ ದನಿಯಲ್ಲಿ ಕೇಳಿದರು: "ಸಾಹೇಬ್ರೇ, ಇದನ್ನ ತೆಗೆಯುವಾಗ ಜೀವ ಹೋಗುತ್ತಲ್ಲ, ನೀವು ಏನು ಮಾಡ್ತೀರಿ?" ಅಂದು ನಾವು ಕೊಡಬಹುದಾಗಿದ್ದ ಉತ್ತರ ನಮ್ಮ ಮನೆಯಲ್ಲೇ ಇತ್ತು. ಅದು ನಮಗೆ ತಿಳಿದದ್ದು ಏಳು ವರ್ಷದ ಬಳಿಕ.

ತೊಂದರೆ ಏನೆಂದರೆ, ಅಂಗಡಿಯಲ್ಲಿ ಕಣ್ಣಿಗೆ ರಾಚುವಂತೆ ತೂಗುಹಾಕಿದ ರೇಜರುಗಳು ದಿನಾ ಬೋಳಿಸುವವರಿಗಾಗಿ ಮಾಡಿದವು. ಅವುಗಳ ಬ್ಲೇಡುಗಳ ಸಂಖ್ಯೆ ಏರುತ್ತಲೇ ಬಂದಿದೆ. ಜಿಲೆಟ್ ಕಂಪನಿ 1971ರಲ್ಲಿ ಎರಡು ಬ್ಲೇಡಿನದನ್ನು ತಂದಿತು, 1998ರಲ್ಲಿ ಮೂರರದು. 2003ರಲ್ಲಿ ಎದುರಾಳಿ ಕಂಪನಿಯವರು ನಾಲ್ಕು ಮಾಡಿದರು, 2006ರಲ್ಲಿ ಜಿಲೆಟ್‌ನವರು ಐದು ಮಾಡಿದರು. ಒಂದು ದಿನದ ಕೂದಲಿಗೆ ಇವೆಲ್ಲ ಚೆನ್ನ. ಆದರೆ ಬ್ಲೇಡು ಬ್ಲೇಡಿನ ನಡುವಿನ ಸಂದು ಬಹಳ ಕಿರಿದು. ಒಂದು ವಾರದ ಕೂದಲು ನೊರೆಯೊಂದಿಗೆ ಆ ಸಂದಿಗೆ ಹೋಗಿ ಕುಳಿತರೆ, ಎರಡನೆಯ ಎಳೆತಕ್ಕೇ ರೇಜರು ಕತ್ತರಿಸುವುದನ್ನು ಬಿಟ್ಟು ಕೀಳಲು ಶುರುಮಾಡುತ್ತದೆ. ಗುಂಗುರು ಕೂದಲಿನವರಿಗೆ ಇನ್ನೊಂದು ಕಾಟ. ಮೊದಲ ಬ್ಲೇಡು ಎತ್ತಿದ್ದನ್ನು ಹಿಂದಿನ ಬ್ಲೇಡು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತದೆ. ಆ ತುದಿ ಬೆಳೆಯುವಾಗ ಒಳಗೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ.

ಈ ಪಾಠವನ್ನು ದೊಡ್ಡ ಕಂಪನಿಯೂ ನಮ್ಮ ದೇಶದಲ್ಲೇ ಕಲಿಯಬೇಕಾಯಿತು. 2002ರಲ್ಲಿ ಜಿಲೆಟ್‌ನವರು ಭಾರತಕ್ಕೆಂದೇ ಒಂದು ರೇಜರು ತಂದರು. ಇಲ್ಲಿನವರ ಕೂದಲು ದಟ್ಟ, ಬೋಳಿಸುವುದೂ ದಿನಾ ಅಲ್ಲ ಎಂದು ತಿಳಿದು, ಸಿಕ್ಕಿದ ಕೂದಲನ್ನು ಹೊರಗೆ ತಳ್ಳುವ ಒಂದು ಪಟ್ಟಿಯನ್ನೂ ಅದಕ್ಕೆ ಇಟ್ಟಿದ್ದರು. ಮೊದಲು ಪರೀಕ್ಷೆ ಮಾಡಿಸಿದ್ದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ಹುಡುಗರಿಂದ. ಅವರೆಲ್ಲ ಚೆನ್ನಾಗಿದೆ ಎಂದರು. ಇಲ್ಲಿಗೆ ಬಂದ ಮೇಲೆ ಅದು ಸೋತಿತು. ಕಾರಣ ಸರಳ. ಆ ಹುಡುಗರ ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು. ಇಲ್ಲಿ ಎಷ್ಟೋ ಜನ ಬೋಳಿಸುವುದು ಒಂದು ಲೋಟ ನೀರಿನಲ್ಲಿ. ಲೋಟದಲ್ಲಿ ಅದ್ದಿದರೆ ಸಿಕ್ಕಿದ ಕೂದಲು ಬಿಡುವುದಿಲ್ಲ. 2010ರಲ್ಲಿ ಅವರು ಮತ್ತೆ ಬಂದಾಗ ತಂದದ್ದು ಒಂದೇ ಬ್ಲೇಡಿನ, ಮುಂದೆ ಬಾಚಣಿಗೆಯಂಥ ಪಟ್ಟಿಯಿರುವ, ಸುಲಭವಾಗಿ ತೊಳೆದುಹೋಗುವ ರೇಜರು. ಬೆಲೆ ಆಗ 15 ರೂಪಾಯಿ.

ಈ ಸುದ್ದಿ ಓದಿದಾಗ ನಮಗೆ ನೆನಪಾದದ್ದು ಹರಿಹರದ ನಮ್ಮ ಮನೆಯ ಹಿತ್ತಿಲು. ಕಿಟಕಿಯ ಸರಳಿಗೆ ನೇತುಹಾಕಿದ ಕನ್ನಡಿ, ಕಟ್ಟೆಯ ಮೇಲೆ ಒಂದು ಲೋಟ ಬಿಸಿನೀರು, ಬನಿಯನ್ ತೊಟ್ಟು ಸ್ಟೂಲಿನ ಮೇಲೆ ಕುಳಿತ ಅಬ್ಬಾ. ಉರ್ದು ಶಾಲೆಯ ಮೇಷ್ಟ್ರು. ಶುಕ್ರವಾರ ಬೆಳಿಗ್ಗೆ ಒಂದು ಸಲ, ಸೋಮವಾರ ಶಾಲೆಗೆ ಹೊರಡುವ ಮುಂಚೆ ಒಂದು ಸಲ. ಒಂದು ತಗಡಿನ ಡಬ್ಬಿಯಲ್ಲಿ ಅವರ ರೇಜರು. ಹಿಡಿ ತಿರುಗಿಸಿದರೆ ಮೂರು ತುಂಡಾಗುತ್ತಿತ್ತು: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ. ಆ ತಟ್ಟೆಯ ಎರಡೂ ಅಂಚಿಗೆ ಬಾಚಣಿಗೆಯಂತೆ ಹಲ್ಲು. ಎರಡು ಬಾಯಿಯ ತೆಳು ಬ್ಲೇಡನ್ನು ಅದರ ಮೇಲಿಟ್ಟು ಬಿಗಿಯುತ್ತಿದ್ದರು. ಹಳೆಯ ಬ್ಲೇಡು ಸಿಕ್ಕರೆ ನಮಗೆ ಹಬ್ಬ. ಅರ್ಧಕ್ಕೆ ಮುರಿದು ಪೆನ್ಸಿಲ್ ಚೂಪು ಮಾಡಲು ಶಾಲೆಗೆ ಒಯ್ಯುತ್ತಿದ್ದೆವು. ಆದರೆ ಬ್ಲೇಡು ಹಳತಾಗುವುದೇ ಅಪರೂಪ. ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ಇಡುತ್ತಿದ್ದರು.

2004ರಲ್ಲಿ ನಮಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮಿಗೆ ಸೀರೆ ಕೊಂಡೆವು, ಅಬ್ಬಾಗೆ ಮೂರು ಬ್ಲೇಡಿನ ರೇಜರು. ಅದರ ಹೆಸರು ಇಲ್ಲಿ ಬೇಡ. ಅಂದಿನ ನಮ್ಮ ಲೆಕ್ಕಕ್ಕೆ ಭಾರಿ ಬೆಲೆ. ಅಬ್ಬಾ ಡಬ್ಬಿಯನ್ನು ಹೊರಳಿಸಿ ನೋಡಿ, "ಅಚ್ಛಾ ಹೈ ಬೇಟಾ" ಎಂದರು. ಮುಂದಿನ ಶುಕ್ರವಾರ ಅದರಿಂದಲೇ ಬೋಳಿಸಿಕೊಂಡರು. ಸೋಮವಾರ ನೋಡಿದರೆ ಕಟ್ಟೆಯ ಮೇಲೆ ಮತ್ತೆ ಅದೇ ತಗಡಿನ ಡಬ್ಬಿ. ನಾವು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮೊಳಗೆ ಮಾತ್ರ ಒಂದು ಮುಳ್ಳು ಉಳಿಯಿತು. ಮಗನ ದುಡ್ಡಿನ ವಸ್ತು ಇವರಿಗೆ ಸೇರಲಿಲ್ಲ ಎಂದುಕೊಂಡೆವು. ಮುದುಕರ ಹಟ ಎಂದುಕೊಂಡೆವು. ಜಿಪುಣತನ ಎಂದೂ ಒಂದು ದಿನ ಅಮ್ಮಿಯ ಮುಂದೆ ಆಡಿದೆವು. ಅಮ್ಮಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಮ್ಮನ್ನೊಮ್ಮೆ ನೋಡಿದರು, ಮತ್ತೆ ತಟ್ಟತೊಡಗಿದರು.

2014ರ ಬಕ್ರೀದ್ ಅಕ್ಟೋಬರಿನಲ್ಲಿತ್ತು. ಅದಕ್ಕೆ ಎರಡು ವಾರ ಮುಂಚೆ ಅಬ್ಬಾಗೆ ನ್ಯುಮೋನಿಯಾ ಆಗಿ ದಾವಣಗೆರೆಯ ಆಸ್ಪತ್ರೆ ಸೇರಿದರು. ಅಲ್ಲಿ ಬೋಳಿಸಲು ಬಂದ ಹುಡುಗನನ್ನು ಕೈಸನ್ನೆಯಲ್ಲೇ ಕಳುಹಿಸಿಬಿಟ್ಟರು. ಚಂದ್ರ ಕಂಡಾಗಿತ್ತು. ಹಬ್ಬಕ್ಕೆ ಎರಡು ದಿನ ಇರುವಾಗ ಮನೆಗೆ ಕರೆತಂದೆವು. ಕುರ್ಬಾನಿ ಆದ ಮೇಲೆ ಮಂಚದಲ್ಲೇ ಕುಳಿತು ಕೆನ್ನೆ ಸವರಿಕೊಂಡರು. ಕೈ ನಡುಗುತ್ತಿತ್ತು. ನಾವೇ ಮಾಡುತ್ತೇವೆ ಎಂದೆವು. ಅವರ ಮುಖವನ್ನು ನಾವು ಮುಟ್ಟುತ್ತಿದ್ದುದು ನೆನಪಿರುವಷ್ಟರಲ್ಲಿ ಅದೇ ಮೊದಲು.

ನೀರು ಕಾಯಿಸಿ, ನೊರೆ ಹಚ್ಚಿ, ಬೇಕೆಂದೇ ಆ ಮೂರು ಬ್ಲೇಡಿನ ರೇಜರನ್ನೇ ತೆಗೆದೆವು. ಹತ್ತು ವರ್ಷದ ಮುಳ್ಳು ನೋಡಿ! ಒಂದು ಎಳೆತ ಹೋಯಿತು. ಎರಡನೆಯದಕ್ಕೆ ನಿಂತಿತು. ಲೋಟದಲ್ಲಿ ಅಲ್ಲಾಡಿಸಿದೆವು, ಅಂಚಿಗೆ ತಟ್ಟಿದೆವು. ಬಿಳಿ ಕೂದಲು ಸಂದಿಯಲ್ಲಿ ಗಾರೆಯಂತೆ ಕೂತಿತ್ತು. ಜೋರು ಮಾಡಿ ಎಳೆದಾಗ ಅಬ್ಬಾರ ಕಣ್ಣಲ್ಲಿ ನೀರು ಬಂತು. ನಮ್ಮ ಮಣಿಕಟ್ಟು ಹಿಡಿದುಕೊಂಡರು.

"ಮೇರಾ ಡಬ್ಬಾ ಲಾ ಬೇಟಾ."

ಅಮ್ಮಿ ಆಗಲೇ ತಗಡಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಂದು ಅವರು ಕುಳಿತಲ್ಲಿಂದಲೇ ಕಲಿಸಿದ್ದನ್ನು ಇಲ್ಲಿ ಬರೆಯುತ್ತೇವೆ, ಯಾರಿಗಾದರೂ ಉಪಯೋಗವಾದೀತು. ಮೊದಲು ಕತ್ತರಿಯಿಂದ ಆದಷ್ಟು ಗಿಡ್ಡ ಮಾಡಬೇಕು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಇಡಬೇಕು; ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಬ್ರಷ್ಷಿನಿಂದ ನೊರೆ ತಿಕ್ಕಿ ಕೂದಲನ್ನು ಎಬ್ಬಿಸಬೇಕು. ಬ್ಲೇಡು ಹೊಸದಿರಬೇಕು. ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೇ, ಸಣ್ಣ ಸಣ್ಣ ಎಳೆತ. ನುಣುಪು ಬೇಕಿದ್ದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಒಂದೇ ಸುತ್ತಿಗೆ ಮುಗಿಸುವ ಆಸೆ ಬೇಡ. ನಮ್ಮ ಕೈ ಬಿಗಿಯಾದಾಗ ಹೇಳಿದರು: "ಜೋರ್ ನಕ್ಕೊ ಲಗಾ. ಉಸ್ಕಾ ವಜನಚ್ ಬಸ್ ಹೈ." ಬಲ ಹಾಕಬೇಡ, ಅದರ ತೂಕವೇ ಸಾಕು.

ಹಲ್ಲಿನ ಗುಟ್ಟು ಆಗ ತಿಳಿಯಿತು. ಬ್ಲೇಡಿನ ಮುಂದೆ ಸಪಾಟು ಪಟ್ಟಿಯಿದ್ದರೆ ಅದು ಉದ್ದ ಕೂದಲನ್ನು ಮಲಗಿಸಿ, ನೊರೆಯನ್ನು ಮೊದಲೇ ಒರೆಸಿಬಿಡುತ್ತದೆ. ಹಲ್ಲಿದ್ದರೆ ಕೂದಲು, ನೊರೆ ಎರಡೂ ಅವುಗಳ ನಡುವಿನಿಂದ ನುಸುಳಿ ನೇರ ಬ್ಲೇಡಿನ ಬಾಯಿಗೆ ಬೀಳುತ್ತವೆ. ಲೋಟದಲ್ಲಿ ಒಮ್ಮೆ ಅದ್ದಿದರೆ ತೊಳೆದುಹೋಗುತ್ತದೆ; ಹೋಗದಿದ್ದರೆ ಹಿಡಿ ಸಡಿಲಿಸಿದರಾಯಿತು. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಆರಂಭದ ರೇಜರುಗಳಿಗೂ ಹೀಗೆಯೇ ಹಲ್ಲಿತ್ತು. 1903ರಲ್ಲಿ, ಮಾರಾಟದ ಮೊದಲ ವರ್ಷ, ಆತ ಮಾರಿದ್ದು ಕೇವಲ 51 ರೇಜರು, 168 ಬ್ಲೇಡು.

ಕೆನ್ನೆ ಹಸನಾದ ಮೇಲೆ ಫಿಟ್ಕರಿ ಸವರುತ್ತಿದ್ದಾಗ ಅಬ್ಬಾ ಮಂಚದ ಮೇಲಿದ್ದ ನಮ್ಮ ರೇಜರನ್ನು ನೋಡಿದರು. "ತೇರಾ ಭೀ ಅಚ್ಛಾಚ್ ಹೈ" ಎಂದರು. "ದಿನಾ ಮಾಡಿಕೊಳ್ಳುವವರಿಗೆ." ಸ್ವಲ್ಪ ಹೊತ್ತು ಬಿಟ್ಟು, ನಾಲ್ಕು ಮಕ್ಕಳ ಫೀಜು ಕಟ್ಟುವ ಕಾಲಕ್ಕೆ ಒಂದು ಬ್ಲೇಡು ಒಂದು ತಿಂಗಳು ಬರಬೇಕಿತ್ತು, ಅದಕ್ಕೇ ವಾರಕ್ಕೆರಡು ಸಲ ಎಂದು ಗೊತ್ತು ಮಾಡಿಕೊಂಡದ್ದು ಎಂದರು. ಆಮೇಲೆ ಅದೇ ರೂಢಿಯಾಯಿತಂತೆ. ಬೇಸರದಿಂದ ಹೇಳಲಿಲ್ಲ. ಬಜಾರಿನ ಲೆಕ್ಕ ಒಪ್ಪಿಸುವವರಂತೆ ಹೇಳಿದರು. ನಾವು ಮಾತ್ರ ಲೋಟದ ನೀರು ಚೆಲ್ಲುವ ನೆಪದಲ್ಲಿ ಹಿತ್ತಿಲಿಗೆ ಹೋದೆವು.

ಆ ಮೇಲೆ ಎರಡು ವರ್ಷ ಅವರ ಗಡ್ಡ ತೆಗೆಯುವ ಕೆಲಸ ನಮ್ಮದೇ ಆಯಿತು. ಶುಕ್ರವಾರ, ಸೋಮವಾರ. 2016ರಲ್ಲಿ ಒಂದು ಗುರುವಾರ ರಾತ್ರಿ ತೀರಿಕೊಂಡರು. ಹೊರಗೆ ಗುಸ್ಲ್‌ಗೆ ನೀರು ಕಾಯುತ್ತಿದ್ದಾಗ ನಮ್ಮ ಕೈಗೆ ಹೇಗೋ ತಗಡಿನ ಡಬ್ಬಿ ಬಂದಿತ್ತು. ಮರುದಿನ ಶುಕ್ರವಾರವಲ್ಲವೇ! ಮೈಯತ್‌ಗೆ ನೀರು ಹಾಕಲು ಬಂದಿದ್ದ ಹಿರಿಯರು ನೋಡಿ ಮೆಲ್ಲಗೆ ಡಬ್ಬಿ ತೆಗೆದುಕೊಂಡರು. "ಇನ್ನು ಕೂದಲು, ಉಗುರು ತೆಗೆಯುವ ಹಾಗಿಲ್ಲ ಬೇಟಾ. ಇದ್ದ ಹಾಗೇ ಕಳಿಸಬೇಕು" ಎಂದರು. ಸೋಮವಾರದಿಂದ ಬೆಳೆದಿದ್ದ ಆ ಬಿಳಿ ಗಡ್ಡದೊಂದಿಗೇ ಅಬ್ಬಾರನ್ನು ಮಣ್ಣು ಮಾಡಿದೆವು.

ಡಬ್ಬಿ ಈಗ ನಮ್ಮ ಬಚ್ಚಲ ಗೂಡಿನಲ್ಲಿದೆ. ಹಲ್ಲಿರುವ ಹೊಸ ರೇಜರುಗಳು ಇವತ್ತಿಗೂ ಸಿಗುತ್ತವೆ, ಬ್ಲೇಡು ಬೀದಿ ಬದಿಯ ಅಂಗಡಿಯಲ್ಲೂ ಸಿಗುತ್ತದೆ. ಕಳೆದ ತಿಂಗಳು ಮಗ ಬಂದು ಕೇಳಿದ, "ಅಬ್ಬಾ, ಯಾವ ರೇಜರು ತಗೊಳ್ಲಿ?" ಅವನಿಗೆ ಹದಿನೇಳು. ಮೇಲ್ದುಟಿಯ ಮೇಲೆ ಕಪ್ಪು ಗೆರೆ ಮೂಡಿದೆ.

"ಎಷ್ಟು ದಿನಕ್ಕೊಮ್ಮೆ ಬೋಳಿಸ್ತೀಯ, ಅದನ್ನ ಮೊದಲು ಹೇಳು" ಎಂದೆವು.

ಅವನು ಯೋಚಿಸಿ, "ದಿನಾ" ಎಂದ. ಕಾಲೇಜಿಗೆ ಹೋಗುವ ಹುಡುಗ. ಅಲಮಾರಿಯಿಂದ 2004ರ ಆ ಡಬ್ಬಿ ತೆಗೆದುಕೊಟ್ಟೆವು. ಅಬ್ಬಾ ಅದನ್ನು ಮೂಲ ಕಾಗದದಲ್ಲೇ ಸುತ್ತಿ, ಬಿಲ್ಲಿನ ಸಮೇತ ಇಟ್ಟಿದ್ದರು.